ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್: ದುಡ್ಡು ಕೊಡುವ ಮುಂಚೆ ಎಲ್ಲೆಲ್ಲಿ ತಟ್ಟಿ ನೋಡಬೇಕು?

ಅಮೆರಿಕದಲ್ಲಿರುವ ನಮ್ಮ ಪರಿಚಯದ ಮೂರು ಮನೆಯವರು, ಒಳಗೇ ಮಲಗಲು, ಅಡುಗೆ ಮಾಡಲು ಜಾಗ ಇರುವ ಹಳೇ ಮೋಟರ್‌ಹೋಮ್ ಕೊಂಡರು. ಮೂವರೂ ಇಂಜಿನ್ ನೋಡಿದ್ದರು, ಎಷ್ಟು ಮೈಲಿ ಓಡಿದೆ ಅಂತ ನೋಡಿದ್ದರು. ಒಬ್ಬರಂತೂ ಮೆಕ್ಯಾನಿಕ್‌ನನ್ನೇ ಕರೆದುಕೊಂಡು ಹೋಗಿದ್ದರು. ಆದರೆ ಮೂರು ಗಾಡಿಗಳಲ್ಲೂ ಕೈಕೊಟ್ಟಿದ್ದು ಇಂಜಿನ್ ಅಲ್ಲ, ಗೋಡೆ.

ನಾನೂ ಮೊದಲ ಸಲ ಹೀಗೇ ಬಿದ್ದೆ. ಮೊದಲ ಟ್ರಿಪ್‌ನ ಎರಡನೇ ರಾತ್ರಿ ಮಳೆ ಬಂತು. ಡ್ರೈವರ್ ಸೀಟಿನ ಮೇಲಿನ ಬಂಕ್‌ನಲ್ಲಿ ಮಲಗಿದ್ದ ಮಗಳು "ಅಪ್ಪಾ, ದಿಂಬು ಒದ್ದೆ" ಅಂತ ಎಬ್ಬಿಸಿದಳು. ಟಾರ್ಚ್ ಹಾಕಿ ಹಾಸಿಗೆ ಎತ್ತಿದೆ. ಕೆಳಗಿನ ಪ್ಲೈವುಡ್ ಚಹಾದಲ್ಲಿ ಅದ್ದಿದ ರಸ್ಕ್ ಥರ ಆಗಿತ್ತು. ಕೊಳ್ಳುವಾಗ ಆ ಹಾಸಿಗೆಯನ್ನು ನಾನು ಎತ್ತಿಯೇ ಇರಲಿಲ್ಲ.

ಅದಕ್ಕೇ ಈ ಬರಹ. ಇಲ್ಲಿ ಹೇಳಿರುವುದು ಕ್ಲಾಸ್ ಸಿ ಗಾಡಿಯ ಬಗ್ಗೆ. ಮುಂದೆ ಫೋರ್ಡ್ ಇ-450 ಥರದ ವ್ಯಾನ್ ಮುಖ, ಹಿಂದೆ ಮನೆ, ಡ್ರೈವರ್ ತಲೆಯ ಮೇಲೆ ಚಾಚಿದ ಒಂದು ಬಂಕ್. ಇದರ ಗೋಡೆ ಅಂದರೆ ಹೊರಗೆ ತೆಳು ಫೈಬರ್‌ಗ್ಲಾಸ್, ಅದಕ್ಕೆ ಅಂಟಿಸಿದ ತೆಳು ಪ್ಲೈವುಡ್, ನಡುವೆ ಥರ್ಮಾಕೋಲ್ ಥರದ ಫೋಮ್, ಒಳಗೆ ಇನ್ನೊಂದು ಹಲಗೆ. ಒಂದು ಸಲ ನೀರು ಒಳಗೆ ಹೊಕ್ಕರೆ ಆಚೆ ಬರಲು ದಾರಿಯೇ ಇಲ್ಲ. ಇಂಜಿನ್ ಕೆಟ್ಟರೆ ಬದಲಾಯಿಸಬಹುದು. ಗೋಡೆ ಕೊಳೆತರೆ ಎಷ್ಟೋ ಸಲ ರಿಪೇರಿ ಖರ್ಚು ಗಾಡಿಯ ಬೆಲೆಯನ್ನೇ ಮೀರುತ್ತದೆ.

## ಜೊತೆಗೆ ಏನೇನು ಒಯ್ಯಬೇಕು

ಒಳ್ಳೆಯ ಟಾರ್ಚ್. ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್ (ಎರಡು ಪಿನ್ ಇರುವಂಥದ್ದು, 30–50 ಡಾಲರಿಗೆ ಸಿಗುತ್ತದೆ). ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್, ಸೋಪಿನ ನೀರು ತುಂಬಿದ ಸ್ಪ್ರೇ ಬಾಟಲಿ, ಟಿಶ್ಯೂ ಪೇಪರ್, ನೆಲದಲ್ಲಿ ಮಲಗಲು ಒಂದು ಹಳೇ ಚಾಪೆ. ಸಾಧ್ಯವಾದರೆ ನಿಮ್ಮದೇ ಏಣಿ.

ಎಲ್ಲಕ್ಕಿಂತ ಮುಖ್ಯ, ನಾಲ್ಕು ಗಂಟೆ ಬಿಡುವು. ಸಂಜೆ ಕತ್ತಲಾಗುವ ಹೊತ್ತಿಗೆ ಹೋಗಬೇಡಿ. ಮಕ್ಕಳನ್ನು ಮೊದಲ ದಿನವೇ ಕರೆದೊಯ್ಯಬೇಡಿ. ಅವರು ಬಂಕ್ ಹತ್ತಿ "ಇದೇ ಬೇಕು" ಅಂದಮೇಲೆ ನಿಮ್ಮ ಕಣ್ಣು ಮಂಜಾಗುತ್ತದೆ.

## ಹಂತ 1: ಅರ್ಧ ಕೆಲಸ ಫೋನಿನಲ್ಲೇ

ಹೊರಡುವ ಮುಂಚೆ ವಿನ್ ನಂಬರ್ (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ಕೇಳಿ. ಕೊಡಲು ತಡವರಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಎನ್‌ಐಸಿಬಿ (ವಿಮೆ ವಂಚನೆ, ವಾಹನ ಕಳವು ತಡೆಯುವ ಸಂಸ್ಥೆ) ತಾಣದಲ್ಲಿ ಈ ನಂಬರ್ ಹಾಕಿದರೆ, ಕಳವಿನ ದೂರು ಇದೆಯಾ, ವಿಮೆ ಕಂಪನಿ ಇದನ್ನು ಗುಜರಿ ಅಂತ ಬರೆದಿದೆಯಾ ಅನ್ನುವುದು ಬಿಟ್ಟಿಯಾಗಿ ಗೊತ್ತಾಗುತ್ತದೆ. ಎನ್‌ಎಂವಿಟಿಐಎಸ್ (ವಾಹನಗಳ ಸರ್ಕಾರಿ ದಾಖಲೆ ವ್ಯವಸ್ಥೆ) ವರದಿಗೆ ಸ್ವಲ್ಪ ದುಡ್ಡಾಗುತ್ತದೆ. ಯಾವ ರಾಜ್ಯದಲ್ಲಿ ಯಾವ ಟೈಟಲ್ (ಮಾಲೀಕತ್ವದ ಪತ್ರ) ಇತ್ತು, ಪ್ರವಾಹದ ಮುದ್ರೆ ಬಿದ್ದಿದೆಯಾ ಅನ್ನುವುದು ಅದರಲ್ಲಿ ಸಿಗುತ್ತದೆ. 2017ರ ಹಾರ್ವಿ, 2022ರ ಇಯಾನ್ ಚಂಡಮಾರುತದಲ್ಲಿ ಸಾವಿರಾರು ವಾಹನಗಳು ನೀರಲ್ಲಿ ನಿಂತಿದ್ದವು. ಮುಳುಗಿದ ಗಾಡಿಯನ್ನು ತೊಳೆದು ಬೇರೆ ರಾಜ್ಯದಲ್ಲಿ ಹೊಸ ಟೈಟಲ್ ಮಾಡಿಸಿ ಮಾರುವವರು ಇದ್ದಾರೆ.

ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಚಾಸಿ, ಅಂದರೆ ಇಂಜಿನ್, ಚಕ್ರ ಇರುವ ತಳಭಾಗ ಮಾಡುವ ಕಂಪನಿ ಬೇರೆ, ಅದರ ಮೇಲೆ ಮನೆ ಕಟ್ಟುವ ಕಂಪನಿ ಬೇರೆ. ಹಾಗಾಗಿ 2015ರ ಮಾಡೆಲ್ ಅಂತ ಮಾರುವ ಗಾಡಿಯ ಚಾಸಿ 2014ರದ್ದಾಗಿರಬಹುದು. ಅದು ಮೋಸ ಅಲ್ಲ. ಆದರೆ ರೀಕಾಲ್ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆಯುವುದು) ನೋಡುವಾಗ ಎರಡೂ ಕಂಪನಿಗಳ ಹೆಸರಲ್ಲಿ ನೋಡಬೇಕು.

ಮಾರುವವರಿಗೆ ನಾಲ್ಕು ಮಾತು ಮೊದಲೇ ಹೇಳಿಡಿ: ನಾನು ಬರುವ ಮುಂಚೆ ಇಂಜಿನ್ ಸ್ಟಾರ್ಟ್ ಮಾಡಬೇಡಿ. ಹಿಂದಿನ ರಾತ್ರಿಯೇ ಫ್ರಿಜ್ ಹಾಕಿಡಿ. ನೀರಿನ ಟ್ಯಾಂಕ್‌ಗೆ ಕಾಲು ಭಾಗ ತುಂಬಿಸಿ. ಕರೆಂಟ್ ಕನೆಕ್ಷನ್ ಕೊಟ್ಟಿಡಿ. ಚಳಿಗಾಲದಲ್ಲಾದರೆ "ವಿಂಟರೈಸ್ ಮಾಡಿದ್ದೇವೆ, ನೀರು ಹಾಕೋಕೆ ಆಗಲ್ಲ" ಅನ್ನುತ್ತಾರೆ. ಪೈಪ್‌ನಲ್ಲಿ ಹೆಪ್ಪುಗಟ್ಟದಿರಲಿ ಅಂತ ಹಾಕಿದ ಗುಲಾಬಿ ಬಣ್ಣದ ಆಂಟಿಫ್ರೀಜ್ ಇರುವುದು ನಿಜವೇ. ಹಾಗಿದ್ದರೆ ವಸಂತದವರೆಗೆ ಕಾಯಿರಿ. ಇಲ್ಲವಾದರೆ, ನೀರು ಹರಿಸಿ ನೋಡಿದ ಮೇಲೆಯೇ ಪೂರ್ತಿ ಹಣ ಅಂತ ಬರೆಸಿಕೊಳ್ಳಿ. ಹೆಪ್ಪುಗಟ್ಟಿ ಸೀಳಿದ ಪೈಪ್ ನೀರು ಹರಿಯುವವರೆಗೂ ಸುಮ್ನೆ ಇರುತ್ತದೆ.

## ಹಂತ 2: ಮೊದಲ ಎರಡು ನಿಮಿಷ ಮೂಗಿಗೆ

ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ಆಮೇಲೆ ಗಾಡಿಯ ಮನೆ ಭಾಗದ ಬಾಗಿಲು ತೆಗೆಸಿ, ಒಳಗೆ ಹೋಗಿ, ಮಾತಾಡದೆ ಉಸಿರೆಳೆದುಕೊಳ್ಳಿ. ಸ್ವಲ್ಪ ಹೊತ್ತಿಗೇ ಮೂಗು ವಾಸನೆಗೆ ಒಗ್ಗಿಹೋಗುತ್ತದೆ, ಮತ್ತೆ ಗೊತ್ತಾಗುವುದಿಲ್ಲ.

ಮಳೆಗಾಲದಲ್ಲಿ ಬೀರುವಿನಲ್ಲಿ ಮಡಿಸಿಟ್ಟ ಕಂಬಳಿಯ ಮುಗ್ಗಲು ವಾಸನೆ ನಿಮಗೆ ಗೊತ್ತಲ್ವಾ? ಅದೇ ಇಲ್ಲಿ ಬಂದರೆ ಎಲ್ಲೋ ನೀರು ಇದೆ. ಮೂರು ಮೂಲೆಯಲ್ಲಿ ಮೂರು ಏರ್ ಫ್ರೆಶ್ನರ್ ನೇತಾಡುತ್ತಿದ್ದರೂ ಅದೇ ಅರ್ಥ. ಇಲಿ ಉಚ್ಚೆಯ ಘಾಟು ಬೇರೆ ಥರ. ಅದು ಬಂದರೆ ವೈರ್ ಕಡಿದಿರಬಹುದು, ಹೀಟರ್ ಒಳಗೆ ಗೂಡು ಕಟ್ಟಿರಬಹುದು.

ವಾಸನೆ ನೋಡಿ ಆಚೆ ಬನ್ನಿ. ಅಡುಗೆಮನೆ, ಸೋಫಾ ಆಮೇಲೆ.

## ಹಂತ 3: ಛಾವಣಿ

ನೀರು ಹೊಗುವುದು ಇಲ್ಲಿಂದ. ಹೆಚ್ಚಿನವರು ಹತ್ತದೇ ಬಿಡುವ ಜಾಗವೂ ಇದೇ.

ಒಪ್ಪಿಗೆ ಕೇಳಿ ಏಣಿ ಹಾಕಿ. ಛಾವಣಿ ಒದ್ದೆ ಇದ್ದರೆ ಹತ್ತಲೇಬೇಡಿ, ರಬ್ಬರ್ ಭಯಂಕರ ಜಾರುತ್ತದೆ. ಮೇಲೆ ನಿಂತು ನಡೆಯುವುದಕ್ಕಿಂತ ಮಂಡಿಯೂರಿ ಹೋದರೆ ಭಾರ ಹಂಚಿಹೋಗುತ್ತದೆ. ಹತ್ತಲು ಧೈರ್ಯ ಇಲ್ಲದಿದ್ದರೆ ಏಣಿ ಮೇಲೆ ನಿಂತೇ ನಾಲ್ಕೂ ಕಡೆಯಿಂದ ನೋಡಿ, ಫೋನಿನಲ್ಲಿ ಜೂಮ್ ಮಾಡಿ ಫೋಟೋ ತೆಗೆಯಿರಿ. "ಮೇಲೇನೂ ಇಲ್ಲ ಬಿಡಿ, ಹತ್ತೋದು ಬೇಡ" ಅಂದವರ ಗಾಡಿ ನಿಮಗೂ ಬೇಡ.

ಇಪಿಡಿಎಂ ಅನ್ನುವ ಬಗೆಯ ರಬ್ಬರ್ ಛಾವಣಿ ಮೇಲೆ ಕೈ ಸವರಿದರೆ ಸೀಮೆಸುಣ್ಣದ ಪುಡಿ ಥರ ಬಿಳಿ ಅಂಟುತ್ತದೆ. ಅದು ಮಾಮೂಲು, ಹೆದರಬೇಡಿ. ಆದರೆ ರಬ್ಬರ್ ಹರಿದು ಕೆಳಗಿನ ಕಪ್ಪು ಪದರ ಅಥವಾ ಮರ ಕಂಡರೆ ಅದರ ಆಯಸ್ಸು ಮುಗಿಯಿತು.

ಈಗ ಸೀಲೆಂಟ್. ಗಾಳಿಕಿಂಡಿ, ಏಸಿ, ಸ್ಕೈಲೈಟ್, ಆಂಟೆನಾ, ಹೀಗೆ ಎಲ್ಲೆಲ್ಲಿ ಛಾವಣಿ ಕೊರೆದಿದ್ದಾರೋ ಅಲ್ಲೆಲ್ಲ ದೋಸೆಹಿಟ್ಟು ಹರಡಿದಂತೆ ಒಂದು ಮೆತ್ತನೆಯ ಪದಾರ್ಥ ಇರುತ್ತದೆ. ಅದು ಬಿರುಕು ಬಿಟ್ಟಿದೆಯಾ, ಅಂಚು ಮೇಲೆದ್ದಿದೆಯಾ ನೋಡಿ. ಛಾವಣಿಯೂ ಮುಂದಿನ ಮುಖವೂ ಸೇರುವ ಅಡ್ಡ ಗೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳು ಎಳೆದೇ ನೋಡಿ. ನನ್ನ ಮಗಳ ದಿಂಬು ಒದ್ದೆಯಾಗಿದ್ದು ಅಲ್ಲಿಂದ. ಬಿರುಕು ಇದ್ದಿದ್ದು ಒಂದು ಬೆರಳುದ್ದ.

ಅಪಾಯದ ಗುರುತುಗಳು ಮೂರು. ಬೇರೆ ಬೇರೆ ಬಣ್ಣದ ಸೀಲೆಂಟ್ ಪದರ ಮೇಲೆ ಪದರ ಇದ್ದರೆ, ಸೋರಿಕೆ ಹುಡುಕಿ ಹುಡುಕಿ ಸೋತಿದ್ದಾರೆ ಅಂತ. ಬಾತ್‌ರೂಮಿಗೆ ಹಾಕುವ ಹೊಳೆಯುವ ಸಿಲಿಕಾನ್ ಮೆತ್ತಿದ್ದರೆ ಗೊತ್ತಿಲ್ಲದವರು ಮಾಡಿದ ಕೆಲಸ. ಅದರ ಮೇಲೆ ಬೇರೆ ಯಾವ ಸೀಲೆಂಟೂ ಸರಿಯಾಗಿ ಹಿಡಿಯುವುದಿಲ್ಲ. ಮೂರನೆಯದು, ಹದಿನೈದು ವರ್ಷದ ಗಾಡಿಯ ಛಾವಣಿ ಮೇಲೆ ನಿನ್ನೆ ಹಚ್ಚಿದಂತಿರುವ ಬಿಳಿ ಪೇಂಟ್. ಒಳ್ಳೆಯ ಕೆಲಸವೇ ಇರಬಹುದು. ಬಿಲ್, ಹಳೇ ಫೋಟೋ ಕೇಳಿ. ಎರಡೂ ಇಲ್ಲ ಅಂದರೆ ಮೇಲೆ ಥಳಕು, ಒಳಗೆ ಹುಳಕು.

ಕೊನೆಗೆ ಅಂಗೈಯಿಂದ ಅಲ್ಲಲ್ಲಿ ಒತ್ತಿ. ಏಸಿಯ ಸುತ್ತ ಹಳ್ಳ ಬಿದ್ದು ನೀರು ನಿಂತ ಉಂಗುರದ ಕಲೆ ಇದೆಯಾ? ಒತ್ತಿದರೆ ಸ್ಪಂಜಿನಂತೆ ತಗ್ಗುತ್ತದಾ? ಹಾಗಿದ್ದರೆ ಕೆಳಗಿನ ಹಲಗೆ ಹೋಗಿದೆ.

## ಹಂತ 4: ಹೊರಗೋಡೆ

ಗಾಡಿಯ ಹಿಂದಿನ ಮೂಲೆಯಲ್ಲಿ ನಿಂತು ಕೆನ್ನೆಯನ್ನು ಗೋಡೆಗೆ ತಾಗಿಸಿದಂತೆ ಇಟ್ಟು ಮುಂದಕ್ಕೆ ನೋಡಿ. ಎದುರು ನಿಂತರೆ ಕಾಣದ ಉಬ್ಬು ಹೀಗೆ ನೋಡಿದರೆ ಕಾಣುತ್ತದೆ. ಟಾರ್ಚನ್ನು ಗೋಡೆಗೆ ಒರಗಿಸಿ ಹಚ್ಚಿದರೆ ಇನ್ನೂ ಸ್ಪಷ್ಟ. ಫೈಬರ್‌ಗ್ಲಾಸ್ ಹಪ್ಪಳದಂತೆ ಉಬ್ಬಿದ್ದರೆ ಒಳಗಿನ ಪ್ಲೈವುಡ್ ನೀರು ಕುಡಿದು ಅಂಟು ಬಿಟ್ಟಿದೆ. ಇದಕ್ಕೆ ಡಿಲ್ಯಾಮಿನೇಶನ್ ಅನ್ನುತ್ತಾರೆ. "ಬರೀ ಬಿಸಿಲಿಗೆ ಹಾಗಾಗಿದೆ" ಅಂತ ಹೇಳುತ್ತಾರೆ. ಹೇಳಲಿ, ನೀವು ಕಿಟಕಿಗಳ ಕೆಳಮೂಲೆಯಲ್ಲೂ ಬಂಕ್‌ನ ಹೊಟ್ಟೆಯ ಭಾಗದಲ್ಲೂ ಹೆಬ್ಬೆರಳಿನಿಂದ ಒತ್ತಿ ನೋಡಿ.

ಆಮೇಲೆ ತಟ್ಟಿ. ಅಂಗಡಿಯಲ್ಲಿ ತೆಂಗಿನಕಾಯಿ ತಟ್ಟುವಂತೆ ಬೆರಳ ಗೆಣ್ಣಿನಿಂದ, ಒಂದೊಂದು ಗೇಣಿಗೆ ಒಂದು ಸಲ. ಗಟ್ಟಿ ಗೋಡೆ ಎಲ್ಲ ಕಡೆ ಒಂದೇ ಥರ ದನಿ ಕೊಡುತ್ತದೆ. ದನಿ ಥಟ್ಟನೆ ಬದಲಾಗಿ "ಪಟ ಪಟ" ಅಂತ ಸಡಿಲ ಕೇಳಿಸಿದ ಕಡೆ ಒಂದು ಟೇಪ್ ಅಂಟಿಸಿ, ಒಳಗೆ ಹೋದಾಗ ಅದೇ ಜಾಗಕ್ಕೆ ಮೀಟರ್ ಹಿಡಿಯಬೇಕು.

ಬಂಕ್‌ನ ಹಣೆಯ ಮೇಲೆ ಐದು ಸಣ್ಣ ದೀಪ ಇರುತ್ತವೆ. ಒಂದೊಂದಕ್ಕೂ ಸ್ಕ್ರೂ ತೂತು. ಅವುಗಳ ಸುತ್ತ ಸೀಲೆಂಟ್ ಒಣಗಿದೆಯಾ ನೋಡಿ. ಮೂಲೆ ಪಟ್ಟಿಯ ಸ್ಕ್ರೂಗಳಿಂದ ಕಂದು ಕಣ್ಣೀರು ಇಳಿದಂತೆ ತುಕ್ಕಿನ ಗೆರೆ ಇದ್ದರೆ, ಆ ತೂತಿನಲ್ಲಿ ನೀರು ಓಡಾಡುತ್ತಿದೆ.

## ಹಂತ 5: ಒಳಗೆ, ಹಾಸಿಗೆ ಎತ್ತಿ

ಬಂಕ್‌ನಿಂದ ಶುರು ಮಾಡಿ. ಹಾಸಿಗೆಯನ್ನು ಪೂರ್ತಿ ಎತ್ತಿ. ಮುಂದಿನ ಎರಡು ಮೂಲೆಗಳಲ್ಲಿ ಕಾರ್ಪೆಟ್ ಬಿಚ್ಚಿಕೊಳ್ಳುವಂತಿದ್ದರೆ ಕೇಳಿ ಸ್ವಲ್ಪ ಸರಿಸಿ. ಕಪ್ಪಾದ ಮರ, ತುಕ್ಕು ಹಿಡಿದ ಸ್ಟೇಪಲ್ ಪಿನ್ನು, ಚಹಾ ಬಣ್ಣದ ಕಲೆ, ಇವು ಸುಳ್ಳು ಹೇಳುವುದಿಲ್ಲ.

ಮೀಟರ್ ಬಳಸುವಾಗ ಎಲ್ಲರೂ ಮಾಡುವ ತಪ್ಪು, ನೇರ ಅನುಮಾನದ ಜಾಗಕ್ಕೇ ಚುಚ್ಚುವುದು. ಮೊದಲು ಖಂಡಿತ ಒಣಗಿರುವ ಜಾಗದಲ್ಲಿ, ಅಂದರೆ ಗಾಡಿಯ ನಡುವಿನ ಕಪಾಟಿನ ಮರದಲ್ಲಿ ನೋಡಿ. ಅಲ್ಲಿ ಶೇಕಡಾ 9 ಬಂದರೆ ಅದೇ ನಿಮ್ಮ ಅಳತೆಗೋಲು. ಸುಮಾರು 15ರೊಳಗೆ ಇದ್ದರೆ ನೆಮ್ಮದಿ. 20 ದಾಟಿದರೆ ಒದ್ದೆ, ಮರ ಕೊಳೆಯಲು ಅಷ್ಟು ಸಾಕು. ಪಿನ್ ಚುಚ್ಚಿದರೆ ಸಣ್ಣ ತೂತು ಬೀಳುತ್ತದೆ, ಹಾಗಾಗಿ ಕಪಾಟಿನ ಒಳಮೂಲೆಗಳಲ್ಲಿ ಕೇಳಿ ಚುಚ್ಚಿ. ಪಿನ್ ಇಲ್ಲದ ಮೀಟರ್ ಒಳಗಿನ ಅಲ್ಯೂಮಿನಿಯಂ ಕಂಬಿಯನ್ನು ನೀರು ಅಂತ ತೋರಿಸಿ ಸುಮ್ನೆ ಗಾಬರಿ ಹುಟ್ಟಿಸುತ್ತದೆ.

ಇನ್ನೊಂದು ಮಾತು. ಅರಿಜೋನಾ, ನೆವಾಡಾ ಥರದ ಒಣ ಸೀಮೆಯಲ್ಲಿ ನಿಂತ ಗಾಡಿಯಲ್ಲಿ ಮೀಟರ್ 8 ತೋರಿಸಬಹುದು, ಮರ ಮಾತ್ರ ಎಂದೋ ಕೊಳೆತು ಒಣಗಿರಬಹುದು. ಅದಕ್ಕೇ ಮೀಟರ್ ಜೊತೆಗೆ ಹೆಬ್ಬೆರಳೂ ಬೇಕು. ಒತ್ತಿದರೆ ತಗ್ಗುವ ಮರ, ಒಣಗಿದ್ದರೂ ಕೊಳೆತದ್ದೇ.

ನೆಲಕ್ಕೆ ಬನ್ನಿ. ಶೂ ಬಿಚ್ಚಿ, ಸಾಕ್ಸ್‌ನಲ್ಲಿ, ಹಿಮ್ಮಡಿಗೆ ಭಾರ ಹಾಕಿ ನಿಧಾನಕ್ಕೆ ನಡೆಯಿರಿ. ಬಾಗಿಲ ಹತ್ತಿರ, ಟಾಯ್ಲೆಟ್ ಸುತ್ತ, ಷವರ್ ಮುಂದೆ, ಫ್ರಿಜ್ ಎದುರು. ಎಲ್ಲಾದರೂ ಕಾಲು ಮೆತ್ತಗೆ ಇಳಿದರೆ ನಿಲ್ಲಿ. ಅಂಥ ಜಾಗದ ಮೇಲೆಯೇ ಹೊಸದಾಗಿ ಅಂಟಿಸಿದ ವಿನೈಲ್ ಅಥವಾ ದಪ್ಪ ರಗ್ ಇರುವುದು ನಾನು ಎರಡು ಸಲ ನೋಡಿದ್ದೇನೆ.

ಗೋಡೆ ಹೊರಚಾಚುವ ಸ್ಲೈಡ್‌ಔಟ್ ಇದ್ದರೆ ಎರಡು ಸಲ ಪೂರ್ತಿ ಹೊರಗೆ, ಒಳಗೆ ಓಡಿಸಿ. ಒಂದು ಪಕ್ಕ ಮುಂದೆ, ಇನ್ನೊಂದು ಹಿಂದೆ ಬಿದ್ದು ಸೊಟ್ಟಗೆ ಬಂದರೆ, ಕರಕರ ಸದ್ದಾದರೆ, ರಿಪೇರಿ ದುಬಾರಿ. ಅದರ ನೆಲದ ಹೊರ ಅಂಚನ್ನು ಕೆಳಗಿನಿಂದ ಮುಟ್ಟಿ ನೋಡಿ. ಉದುರುವ ಮರದ ಪುಡಿ ಕೈಗೆ ಬರಬಾರದು.

## ಹಂತ 6: ನೀರಿನ ಪಂಪ್ ಹೇಳುವ ಸತ್ಯ

ಇದು ಬಿಟ್ಟಿ ಪರೀಕ್ಷೆ. ಎಲ್ಲ ನಲ್ಲಿ ಒಂದೊಂದು ಸಲ ತೆರೆದು ಗಾಳಿ ಬಿಡಿ, ಆಮೇಲೆ ಪೂರ್ತಿ ಮುಚ್ಚಿ. ಪಂಪ್ ಸ್ವಿಚ್ ಹಾಕಿ. "ಗುರ್ರ್" ಅಂತ ಓಡಿ, ಪೈಪ್‌ನಲ್ಲಿ ಒತ್ತಡ ತುಂಬಿದ ಮೇಲೆ ತಾನೇ ನಿಲ್ಲಬೇಕು. ಈಗ ಹತ್ತು ನಿಮಿಷ ಯಾರೂ ನಲ್ಲಿ ಮುಟ್ಟಬಾರದು. ಪಂಪ್ ಸದ್ದಿಲ್ಲದೆ ಇದ್ದರೆ ಸರಿ. ನಡುನಡುವೆ ತಾನಾಗಿ "ಗುರ್" ಅಂದರೆ ನೀರು ಎಲ್ಲೋ ಹೋಗುತ್ತಿದೆ. ಸಿಂಕ್ ಕೆಳಗೆ, ಟಾಯ್ಲೆಟ್ ಹಿಂದೆ, ಗೀಸರ್ ಹತ್ತಿರ ಜಾಯಿಂಟ್‌ಗಳಿಗೆ ಟಿಶ್ಯೂ ಸುತ್ತಿ ನೋಡಿ. ಕೈಗೆ ಗೊತ್ತಾಗದ ಹನಿ ಟಿಶ್ಯೂಗೆ ಗೊತ್ತಾಗುತ್ತದೆ.

ಗೀಸರ್‌ನಲ್ಲಿ ನೀರು ತುಂಬಿದೆ ಅಂತ ಖಾತ್ರಿ ಆಗುವವರೆಗೆ ಅದರ ಕರೆಂಟ್ ಸ್ವಿಚ್ ಹಾಕಬೇಡಿ. ಖಾಲಿ ಇದ್ದರೆ ಕಾಯಿಲ್ ಸುಟ್ಟುಹೋಗುತ್ತದೆ, ನೀವೇ ಸುಟ್ಟಿರಿ ಅಂತ ಜಗಳವೂ ಆಗುತ್ತದೆ. ಟಾಯ್ಲೆಟ್ ಬಟ್ಟಲಿಗೆ ನೀರು ಬಿಟ್ಟು ಅರ್ಧ ಗಂಟೆ ಬಿಟ್ಟು ಬಂದು ನೋಡಿ. ನೀರು ಇಳಿದಿದ್ದರೆ ರಬ್ಬರ್ ಸೀಲ್ ಬದಲಾಯಿಸಬೇಕು. ಸಣ್ಣ ಖರ್ಚು. ಮಲದ ಟ್ಯಾಂಕ್ "ಮುಕ್ಕಾಲು" ಅಂತ ತೋರಿಸುವ ದೀಪ ಹೆಚ್ಚಿನ ಗಾಡಿಗಳಲ್ಲಿ ಸುಳ್ಳು ಹೇಳುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

## ಹಂತ 7: ಕರೆಂಟ್, ಗ್ಯಾಸ್, ಫ್ರಿಜ್

ಕರೆಂಟ್ ಕನೆಕ್ಷನ್ ಕೊಟ್ಟಿರುವಾಗ ಗಾಡಿಯ ಮನೆ ಭಾಗದ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 13 ವೋಲ್ಟ್‌ಗಿಂತ ಮೇಲೆ ಇರಬೇಕು. 12ರ ಸುತ್ತಲೇ ಕುಂತಿದ್ದರೆ ಕನ್ವರ್ಟರ್ ಚಾರ್ಜ್ ಮಾಡುತ್ತಿಲ್ಲ.

ಜನರೇಟರ್ ಮೀಟರ್‌ನಲ್ಲಿ ಗಂಟೆ ಕಡಿಮೆ ಇದ್ದರೆ ಖುಷಿ ಪಡುವವರೇ ಜಾಸ್ತಿ. ಹದಿನೈದು ವರ್ಷದಲ್ಲಿ 60 ಗಂಟೆ ಅಂದರೆ ಅದು ನಿಂತೇ ಕೆಟ್ಟಿರಬಹುದು. ಹಳೇ ಪೆಟ್ರೋಲ್ ಕಾರ್ಬ್ಯುರೇಟರ್‌ನಲ್ಲಿ ಅಂಟಾಗಿ ಕೂರುತ್ತದೆ. ಅದನ್ನು ಓಡಿಸಿ, ಮೇಲಿನ ಏಸಿ ಹಾಕಿ, ಅರ್ಧ ಗಂಟೆ ಬಿಡಿ. ಭಾರ ಬಿದ್ದಾಗ ಏದುಸಿರು ಬಿಡುತ್ತಾ ನಿಂತುಹೋದರೆ ರಿಪೇರಿ ಲೆಕ್ಕ ಬರೆದುಕೊಳ್ಳಿ. ಆ ಹೊತ್ತಿಗೆ ಏಸಿ ಎಳೆದುಕೊಳ್ಳುವ ಗಾಳಿಗೂ ಬಿಡುವ ಗಾಳಿಗೂ 15ರಿಂದ 20 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇರಬೇಕು.

ಗ್ಯಾಸ್‌ನಲ್ಲೂ ಓಡುವ ಫ್ರಿಜ್ ತಣ್ಣಗಾಗಲು ಎಷ್ಟೋ ಗಂಟೆ ಬೇಕು. ಅದಕ್ಕೇ ಹಿಂದಿನ ರಾತ್ರಿ ಹಾಕಿಡಲು ಹೇಳಿದ್ದು. ಹೊರಗಿನ ಕಿಂಡಿ ತೆಗೆದು ಅದರ ಬೆನ್ನು ನೋಡಿ. ಅರಿಶಿನ ಚೆಲ್ಲಿದಂತೆ ಹಳದಿ ಪುಡಿ, ಅಮೋನಿಯಾ ಘಾಟು, ಎರಡರಲ್ಲಿ ಒಂದಿದ್ದರೂ ಆ ಫ್ರಿಜ್ ಮುಗಿದ ಕಥೆ. ಆ ಪುಡಿಯನ್ನು ಕೈಯಲ್ಲಿ ಮುಟ್ಟಬೇಡಿ. ಹೊಸ ಫ್ರಿಜ್‌ಗೆ ಸಾವಿರ ಡಾಲರ್ ದಾಟುತ್ತದೆ.

ಒಲೆ ಹಚ್ಚಿ. ಉರಿ ನೀಲಿ ಇರಬೇಕು. ಗ್ಯಾಸ್ ಪೈಪ್‌ನ ಜಾಯಿಂಟ್‌ಗಳಿಗೆ ಸೋಪಿನ ನೀರು ಹೊಡೆದರೆ ಗುಳ್ಳೆ ಏಳಬಾರದು. ಗಾಡಿಗೆ ಕಾಲಿಡುತ್ತಲೇ ಗ್ಯಾಸ್ ವಾಸನೆ ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಸ್ವಿಚ್ ಮುಟ್ಟದೆ ಎಲ್ಲರೂ ಆಚೆ ಬನ್ನಿ, ಹೊರಗಿನಿಂದ ಟ್ಯಾಂಕ್ ವಾಲ್ವ್ ಮುಚ್ಚಿಸಿ. ನೆಲದ ಹತ್ತಿರ ಇರುವ ಗ್ಯಾಸ್ ಅಲಾರಂಗೂ ಆಯಸ್ಸು ಇದೆ, ತಾರೀಕು ಅದರ ಮೇಲೇ ಅಚ್ಚಾಗಿರುತ್ತದೆ.

## ಹಂತ 8: ಟೈರ್, ತಳ

ಟೈರ್‌ನ ಹಲ್ಲು ನೋಡಿ ಮೋಸ ಹೋಗಬೇಡಿ. ಈ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಹಲ್ಲು ಹೊಸದಾಗಿಯೇ ಇರುತ್ತದೆ, ರಬ್ಬರ್ ಮುದಿಯಾಗಿರುತ್ತದೆ. ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಅಕ್ಷರಗಳ ಕೊನೆಯ ನಾಲ್ಕು ಅಂಕಿ ಓದಿ. 2318 ಅಂದರೆ 2018ರ 23ನೇ ವಾರ. ಆರೇಳು ವರ್ಷ ದಾಟಿದ್ದರೆ ಬದಲಾಯಿಸುವ ಲೆಕ್ಕ ಹಾಕಿ. ಹಿಂದೆ ಜೋಡಿ ಚಕ್ರ, ಒಟ್ಟು ಆರು ಟೈರ್. ಒಳಗಿನ ಎರಡನ್ನು ಯಾರೂ ನೋಡುವುದಿಲ್ಲ. ನೀವು ಚಾಪೆ ಹಾಸಿ ನೋಡಿ.

ಮಲಗಿದ್ದಾಗಲೇ ತಳವನ್ನೂ ನೋಡಿ. ಮಿಶಿಗನ್, ಒಹಾಯೊ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಮೇಲುಮೇಲಿನ ತುಕ್ಕು ಪರವಾಗಿಲ್ಲ. ಸ್ಕ್ರೂಡ್ರೈವರ್‌ನಲ್ಲಿ ಕುಟ್ಟಿದಾಗ ಪದರ ಪದರವಾಗಿ ಉದುರಿದರೆ ಬೇಡ. ಜ್ಯಾಕ್ ಮೇಲೆ ಎತ್ತಿದ ಗಾಡಿಯ ಕೆಳಗೆ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ.

ಪ್ರವಾಹದ ಅನುಮಾನ ಇದ್ದರೆ ಡ್ರೈವರ್ ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಮಾತು ಮುಗಿಯಿತು.

## ಹಂತ 9: ಇಂಜಿನ್, ರಸ್ತೆ

ಇದನ್ನು ಕೊನೆಗೆ ಇಟ್ಟಿರುವುದು ಬೇಕಂತಲೇ. ಗೋಡೆ, ಛಾವಣಿ ಪಾಸಾಗದ ಗಾಡಿಯನ್ನು ಓಡಿಸಿ ನೋಡುವುದು ಹೊತ್ತು ದಂಡ.

ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡುವಾಗ ನೀವು ಹೊರಗೆ ನಿಂತು ಕೇಳಿ. ಮೊದಲ ನಿಮಿಷದ "ಟಿಕ್ ಟಿಕ್" ಬಿಸಿಯಾದ ಮೇಲೆ ನಿಂತರೆ ಇಂಜಿನ್ ಹೊಗೆ ಆಚೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಬೋಲ್ಟ್ ಮುರಿದಿರಬಹುದು. ನೀಲಿ ಹೊಗೆ ಅಂದರೆ ಎಣ್ಣೆ ಉರಿಯುತ್ತಿದೆ. ಫ್ರೀವೇ ಮೇಲೆ ಕನಿಷ್ಠ ಅರ್ಧ ಗಂಟೆ ಓಡಿಸಿ. ಗೇರ್ ಬದಲಾಗುವಾಗ ಎಳೆದಂತೆ ಆಗುತ್ತದಾ, ಬ್ರೇಕ್ ಹಾಕಿದರೆ ಒಂದು ಕಡೆ ಜಗ್ಗುತ್ತದಾ ಗಮನಿಸಿ. ಉಳಿದದ್ದಕ್ಕೆ ಮೆಕ್ಯಾನಿಕ್ ಇದ್ದಾನೆ.

## ಹಂತ 10: ಚೌಕಾಸಿ, ಇಲ್ಲಾ ವಾಪಸ್

ಆ ದಿನವೇ ದುಡ್ಡು ಕೊಡಬೇಡಿ. ಮನೆಗೆ ಬಂದು ಫೋಟೋ ಹಾಕಿಕೊಂಡು ಎರಡು ಪಟ್ಟಿ ಮಾಡಿ. ಟೈರ್, ಬ್ಯಾಟರಿ, ಟಾಯ್ಲೆಟ್ ಸೀಲ್, ಫ್ರಿಜ್ ಕೂಡ ಒಂದು ಪಟ್ಟಿಗೆ. ಇವು ದುಡ್ಡಿನ ಲೆಕ್ಕ, ಬೆಲೆಯಲ್ಲಿ ಇಳಿಸಿಕೊಳ್ಳಬಹುದು. ಮೆತ್ತಗಾದ ನೆಲ, ಉಬ್ಬಿದ ಗೋಡೆ, ತಗ್ಗುವ ಛಾವಣಿ ಇನ್ನೊಂದಕ್ಕೆ. ಎರಡನೇ ಪಟ್ಟಿಯಲ್ಲಿ ಒಂದೇ ಒಂದು ಸಾಲು ಇದ್ದರೂ ನಾನಾದರೆ ಬಿಡುತ್ತೇನೆ. ನಾಲ್ಕು ಸಾವಿರ ಡಾಲರ್ ಇಳಿಸುತ್ತೇವೆ ಅಂದರೂ ಬಿಡುತ್ತೇನೆ. ಬಿಚ್ಚುವ ತನಕ ಕೊಳೆ ಎಲ್ಲಿಯವರೆಗೆ ಹೋಗಿದೆ ಅಂತ ರಿಪೇರಿಯವರಿಗೂ ಗೊತ್ತಾಗುವುದಿಲ್ಲ.

ದೊಡ್ಡ ಮೊತ್ತದ ಗಾಡಿಯಾದರೆ ಎನ್‌ಆರ್‌ವಿಐಎ (ಮೋಟರ್‌ಹೋಮ್ ಥರದ ಗಾಡಿ ಪರೀಕ್ಷಿಸುವವರ ಸಂಘ) ಪ್ರಮಾಣಪತ್ರ ಇರುವ ಇನ್‌ಸ್ಪೆಕ್ಟರ್‌ನನ್ನು ನೀವೇ ಹುಡುಕಿ ಕರೆಸಿ, ಮಾರುವವರು ಹೇಳಿದವರನ್ನಲ್ಲ. ಮುಂಗಡ ಕೊಟ್ಟರೆ "ಪರೀಕ್ಷೆಯಲ್ಲಿ ಪಾಸಾಗದಿದ್ದರೆ ವಾಪಸ್" ಅಂತ ಬರಹದಲ್ಲಿ ಇರಲಿ. ಟೈಟಲ್‌ನಲ್ಲಿ ಮಾರುವವರದ್ದೇ ಹೆಸರು ಇದೆಯಾ, ಬ್ಯಾಂಕ್ ಸಾಲ ತೀರಿದೆಯಾ ನೋಡಿಕೊಳ್ಳಿ.

ಇನ್ನೊಂದು ಅವಕಾಶ ಸಿಕ್ಕರೆ ಬಿಡಬೇಡಿ. ಜೋರು ಮಳೆ ಬಂದ ಮಾರನೇ ಬೆಳಗ್ಗೆ "ಒಂದು ಅಳತೆ ತೆಗೆಯೋದು ಮರೆತೆ" ಅಂತ ಫೋನ್ ಮಾಡಿ ಹೋಗಿ. ನಮ್ಮ ಎರಡನೇ ಗಾಡಿಗೆ ನಾನು ಹಾಗೇ ಮಾಡಿದೆ. ಬಂಕ್ ಹತ್ತಿ, ಹಾಸಿಗೆ ಎತ್ತಿ, ಎರಡೂ ಮೂಲೆಗೆ ಮೀಟರ್ ಚುಚ್ಚಿದೆ. ಎಡಗಡೆ 11, ಬಲಗಡೆ 11. ಕೆಳಗಿಳಿದು ಚೆಕ್ ಬರೆದೆ.